ಒಳಗಿನಿಂದ ತೆರೆಯದ ಬಾಗಿಲು

ಮೊದಲ ಹಿಡಿಯನ್ನು ಮುರಿದದ್ದು ನಾವೇ. ಯಾರ ಕೈಯಲ್ಲಿ ಮುರಿಯಿತು ಎಂದು ಮಾತ್ರ ಕೇಳಬೇಡಿ. ನಾಲ್ಕು ತಾಲ್ಲೂಕಿನ ನಾಲ್ವರು ಸ್ಟ್ರಿಂಗರ್‌ಗಳು ಸೇರಿ ಎಳೆದೆವು. ಹಿಡಿ ಕೈಗೆ ಬಂತು, ಅದರ ಬುಡ ಬಾಗಿಲಲ್ಲೇ ಉಳಿಯಿತು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಒಂದೇ ಬೆಂಚಿನಲ್ಲಿ ಕೂತು ಡಿಪ್ಲೊಮಾ ಮುಗಿಸಿದ ನಾವು ಆಮೇಲೆ ತಾಲ್ಲೂಕಿಗೊಬ್ಬರಂತೆ ಹಂಚಿಹೋದೆವು. ಸುದ್ದಿಗೆ ಇಷ್ಟು, ಫೋಟೋಗೆ ಇಷ್ಟು ಎಂದು ಬರುವ ಹಣದಲ್ಲಿ ಪೆಟ್ರೋಲು ಹಾಕಿಸಿದರೆ ಊಟಕ್ಕೆ ಉಳಿಯುವುದಿಲ್ಲ. ಹಾಗಾಗಿ ದೊಡ್ಡ ಸುದ್ದಿಯ ದಿನ ಒಂದೇ ಗಾಡಿಯಲ್ಲಿ ಹೋಗುವುದು ರೂಢಿ: ಹೊಗೆಸೊಪ್ಪಿನ ಹರಾಜು ಶುರುವಾಗುವ ದಿನ, ಚುಂಚನಕಟ್ಟೆ ಜಾತ್ರೆ, ಕಬಿನಿಯ ಗೇಟು ಎತ್ತಿದ ದಿನ. ಆ ಗಾಡಿ ನಮ್ಮ ಪಿರಿಯಾಪಟ್ಟಣದವನ ಅಪ್ಪನದು. 1978ರ ಅಂಬಾಸಿಡರ್, ಮಾರ್ಕ್ 3. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದ ಕಾಲದ ಗಾಡಿ. ಬಹಳ ವರ್ಷ ಬಾಡಿಗೆಗೆ ಓಡಿದೆ. ಹೆರಿಗೆ ನೋವಿನವರನ್ನು ಮೈಸೂರಿಗೆ ಕರೆದೊಯ್ದಿದೆ, ಸೀಸನ್‌ನಲ್ಲಿ ಹಿಂದಿನ ಸೀಟು ತೆಗೆದು ಕಂಪಲಾಪುರದ ಹರಾಜು ಕಟ್ಟೆಗೆ ಹೊಗೆಸೊಪ್ಪಿನ ಬೇಲೂ ಹೊತ್ತಿದೆ.

ಕಳೆದ ಮಳೆಗಾಲದಲ್ಲಿ ಲಕ್ಷ್ಮಣತೀರ್ಥ ಏರಿತ್ತು. ಹನಗೋಡಿನ ಕಡೆಯಿಂದ ಸುದ್ದಿ ಮುಗಿಸಿ ಬರುವಾಗ ಕತ್ತಲಾಗಿತ್ತು. ಒಂದು ತಗ್ಗು ಮೋರಿಯ ಮೇಲೆ ನೀರು ಹರಿಯುತ್ತಿತ್ತು. ದಾಟಬಹುದು ಅಂದುಕೊಂಡೆವು, ದಾಟಬಾರದಿತ್ತು. ನಡುಮಧ್ಯೆ ಎಂಜಿನ್ ನಿಂತಿತು. ಬಾಗಿಲ ಸಂದಿಯಿಂದ ನೀರು ಒಳಗೆ ಬಂದು ಪಾದ ಮುಳುಗಿತು. ಮುಂದಿದ್ದವರು ಇಳಿದರು. ಹಿಂದೆ ಕೂತಿದ್ದ ಕೆ.ಆರ್. ನಗರದವಳು ಎಡಗಡೆ ಹಿಡಿ ತಿರುಗಿಸಿದಳು, ಬಾಗಿಲು ತೆರೆಯಲಿಲ್ಲ. ಬಲಗಡೆಯದೂ ಹಾಗೇ. ಗಾಜು ಇಳಿಸುವ ಹಿಡಿ ಅಲುಗಲೇ ಇಲ್ಲ. ಕಡೆಗೆ ಮುಂದಿನ ಉದ್ದ ಸೀಟನ್ನು ಹತ್ತಿಳಿದು ಹೊರಗೆ ಬಂದಳು. ನೀರು ಮೊಣಕಾಲಿನಷ್ಟೇ ಇತ್ತು, ಏನೂ ಆಗಲಿಲ್ಲ. ಆದರೆ ಮೊಣಕಾಲಿನಷ್ಟು ನೀರು ಸೊಂಟದವರೆಗೆ ಬರಲು ಎಷ್ಟು ಹೊತ್ತು ಬೇಕು? ಆ ರಾತ್ರಿ ನಮಗೆ ಯಾರಿಗೂ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಅಪ್ಪನನ್ನು ಕೇಳಿದೆವು. 'ಹಿಂದ್ಗಡೆ ಬಾಗ್ಲಾ? ಅದು ಒಳಗಡೆಯಿಂದ ತೆಗೆಯಲ್ಲ ಕಣ್ರಪ್ಪ. ಹದಿನೆಂಟು ವರ್ಷ ಆಗಿರಬೇಕು' ಅಂದರು.

ಆಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾಕೆ ಅಂತ ಹೇಳಬೇಕು. 2014ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. 'ನಿಮ್ಮ ಕಡೆ ಹಳೇ ಅಂಬಾಸಿಡರ್ ಟ್ಯಾಕ್ಸಿ ಇದ್ದರೆ ಒಂದು ಬರಹ ಕಳಿಸಿ' ಎಂದು ಡೆಸ್ಕಿನಿಂದ ಫೋನ್ ಬಂತು. ನಾವು ಈ ಅಪ್ಪನ ಬಗ್ಗೆಯೇ ಬರೆದೆವು. ಪ್ರತಿ ಸಲವೂ ತಾನೇ ಇಳಿದು, ಸುತ್ತಿ ಬಂದು, ಪ್ರಯಾಣಿಕರಿಗೆ ಬಾಗಿಲು ತೆರೆಯುವ ಚಾಲಕ. ಕೂಲಿಯವರಿಗೂ ದೊರೆಯ ಮರ್ಯಾದೆ ಎಂದೆವು. ಚೆನ್ನಾಗಿ ಬಂದಿತ್ತು, ಫೋಟೋ ಸಮೇತ. ಆ ದಿನ ಗಂಟೆಗಟ್ಟಲೆ ಹಿಂದಿನ ಸೀಟಿನಲ್ಲೇ ಕೂತು ಮಾತಾಡಿಸಿದ್ದೆವು. ಒಂದು ಸಲವೂ ಕೈ ಚಾಚಿ ಹಿಡಿ ತಿರುಗಿಸಿ ನೋಡಿರಲಿಲ್ಲ.

'ಆವತ್ತೇ ಹೇಳಬಾರದಿತ್ತಾ?' ಅಂದೆವು.

'ನೀವು ಕೇಳ್ಲಿಲ್ಲ. ಪೇಪರ್ನಾಗೆ ಬಂದ್ಮೇಲೆ ರಿಪೇರಿ ಮಾಡ್ಸೋದು ಹೆಂಗಪ್ಪ? ಜನ ನಾನು ಬಾಗ್ಲು ತೆಗೀಲಿ ಅಂತ್ಲೇ ಕಾಯೋರು.'

ಇದರ ಮೇಲೆ ಆರ್‌ಸಿ ನವೀಕರಣದ ಗಡುವು ಹತ್ತಿರವಿತ್ತು. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ. 'ಬಾಗಿಲೇ ತೆರೆಯದ ಗಾಡಿ ಯಾಕೆ, ಗುಜರಿಗೆ ಹಾಕಿ' ಎಂದು ಮನೆಯಲ್ಲಿ ಮಾತು ನಡೆದಿತ್ತು. ನಾವೇ ಸರಿಮಾಡುತ್ತೇವೆ ಎಂದು ಒಪ್ಪಿಕೊಂಡೆವು. ಸುಮ್ಮನೆ ಬರೆದದ್ದಕ್ಕೆ ದಂಡ ಅಂತಲೇ ಇಟ್ಟುಕೊಳ್ಳಿ.

ಬಾಗಿಲಿನ ಒಳಗೆ ಏನು ಕೆಟ್ಟಿದೆ ನೋಡಬೇಕಾದರೆ ರೆಕ್ಸಿನ್ ಹೊದಿಸಿದ ಹಲಗೆ ತೆಗೆಯಬೇಕು. ಹಲಗೆ ಬರಬೇಕಾದರೆ ಮೊದಲು ಎರಡು ಹಿಡಿಗಳು ಬರಬೇಕು, ಬಾಗಿಲಿನದು ಮತ್ತು ಗಾಜಿನದು. ಹಿಡಿಯ ಮೇಲೆ ಸ್ಕ್ರೂ ಕಾಣುವುದಿಲ್ಲ, ನಟ್ಟು ಕಾಣುವುದಿಲ್ಲ. ಫೋನಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಹಿಡಿಯ ಹಿಂದೆ ಬಟ್ಟೆ ತೂರಿಸಿ ಗರಗಸದಂತೆ ಎಳೆದಾಡಿದರೆ ಲಾಳದ ಆಕಾರದ ಕ್ಲಿಪ್ಪು ಹಾರಿ ಬರುತ್ತದೆ. ನಾವು ಅರ್ಧ ಗಂಟೆ ಎಳೆದಾಡಿ ಒಂದು ಟವೆಲ್ ಹರಿದೆವು. ಅದು ಬೇರೆ ಜಾತಿಯ ಕಾರು. ನಮ್ಮದರಲ್ಲಿ ಕ್ಲಿಪ್ಪೇ ಇರಲಿಲ್ಲ. ಆಮೇಲೆಯೇ ಸಿಟ್ಟಿನಲ್ಲಿ ಸ್ಕ್ರೂಡ್ರೈವರ್ ಕೊಟ್ಟು ಮೀಟಿದ್ದು, ಎಳೆದದ್ದು, ಮುರಿದದ್ದು. ಹೊಳೆಯುವ ಕ್ರೋಮ್ ನೋಡಿ ಉಕ್ಕು ಅಂದುಕೊಂಡಿದ್ದೆವು. ಒಳಗಿರುವುದು ಸತುವಿನ ಮಿಶ್ರಲೋಹದ ಎರಕ. ವಯಸ್ಸಾದ ಎರಕ ಬಾಗುವುದಿಲ್ಲ, ಪಟ್ಟನೆ ಮುರಿಯುತ್ತದೆ.

ಹುಣಸೂರಿನಲ್ಲಿ ಮರದ ಲಾರಿಗಳ ಗ್ಯಾರೇಜಿನಲ್ಲಿ ದುಡಿದು ಈಗ ಮನೆಯಲ್ಲಿರುವ ಹಳೇ ಮೇಸ್ತ್ರಿಯೊಬ್ಬರನ್ನು ಕರೆತಂದೆವು. ಮುರಿದ ಹಿಡಿ ನೋಡಿ ಅವರು ನಗಲಿಲ್ಲ, ಬಯ್ಯಲೂ ಇಲ್ಲ. 'ಎಳೀಬಾರ್ದಪ್ಪ, ಒತ್ಬೇಕು' ಅಂದರು.

ಹಿಡಿಯ ಬುಡದಲ್ಲಿ ಒಂದು ದುಂಡು ಬಿಲ್ಲೆ ಇದೆ. ಅಲಂಕಾರಕ್ಕೆ ಇದೆ ಅಂದುಕೊಂಡಿದ್ದೆವು. ಅದರ ಹಿಂದೆ ಸ್ಪ್ರಿಂಗ್ ಇರುತ್ತದೆ. ಬಿಲ್ಲೆಯನ್ನು ಬಾಗಿಲ ಕಡೆಗೆ ಒತ್ತಿ ಹಿಡಿದರೆ ಹಿಡಿಯ ಕತ್ತು ಕಾಣುತ್ತದೆ, ಕತ್ತಿನಲ್ಲಿ ಅಡ್ಡಕ್ಕೆ ತೂರಿಸಿದ ಒಂದು ಸಣ್ಣ ಪಿನ್ ಕಾಣುತ್ತದೆ. ಇಡೀ ಹಿಡಿ ನಿಂತಿರುವುದು ಅದೊಂದರ ಮೇಲೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಬಂದ ಏರ್ಪಾಡು. ಅಂಬಾಸಿಡರ್ ಹುಟ್ಟಿದ್ದೇ ಆ ಕಾರಿನಿಂದ.

ನಿಮ್ಮ ಮನೆಯಲ್ಲೂ ಇಂಥದೊಂದು ನಿಂತಿದ್ದರೆ, ಅವರು ಮಾಡಿಸಿದ ಕ್ರಮ ಹೀಗೆ. ಮೊದಲು ಹಿಡಿ ಯಾವ ಕೋನದಲ್ಲಿ ನಿಂತಿದೆ ಎಂದು ಫೋಟೋ ತೆಗೆದುಕೊಳ್ಳಿ, ವಾಪಸು ಹಾಕುವಾಗ ಬೇಕು. ಡೀಸೆಲ್‌ಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಪಿನ್ನಿನ ಎರಡೂ ತುದಿಗೆ ಹನಿ ಬಿಡಿ. ರಾತ್ರಿಯಿಡೀ ನೆನೆಯಲಿ, ಬೆಳಿಗ್ಗೆ ಇನ್ನೊಂದು ಸಲ ಬಿಡಿ. ಬೆಂಕಿ ತೋರಿಸಲು ಹೋಗಬೇಡಿ, ರೆಕ್ಸಿನ್ನೂ ಹಲಗೆಯೂ ಸುಟ್ಟುಹೋಗುತ್ತವೆ. ಕಬ್ಬಿಣದ ಪಟ್ಟಿಯ ತುದಿಯಲ್ಲಿ ಹಿಡಿಯ ಕತ್ತು ಕೂರುವಷ್ಟು ಕಚ್ಚು ಕೊಯ್ದರೆ ಬಿಲ್ಲೆ ಒತ್ತಿ ಹಿಡಿಯುವ ಸಾಧನ ಸಿದ್ಧ. ಪಿನ್ನಿನ ಎರಡೂ ತುದಿ ನೋಡಿ. ಒಂದು ಕಡೆ ಸಣ್ಣಗಿದ್ದರೆ ಆ ಕಡೆಯಿಂದಲೇ ಹೊಡೆಯಬೇಕು, ಇನ್ನೊಂದು ಕಡೆಯಿಂದ ಹೊಡೆದರೆ ಮತ್ತಷ್ಟು ಬಿಗಿಯುತ್ತದೆ. ಪಿನ್ನಿಗಿಂತ ತೆಳುವಾದ ಪಂಚ್ ಇಟ್ಟು, ಎದುರು ಬದಿಯಲ್ಲಿ ಮರದ ತುಂಡು ಆನಿಸಿ ಹಿಡಿದು, ಸಣ್ಣ ಸುತ್ತಿಗೆಯಲ್ಲಿ ತಟ್ಟಿ. ಆನಿಕೆ ಇಲ್ಲದೆ ಹೊಡೆದರೆ ಒಳಗಿನ ಶಾಫ್ಟ್ ಬಾಗುತ್ತದೆ. ಏನು ಮಾಡಿದರೂ ಬಾರದಿದ್ದರೆ ಮಾತ್ರ ಸಣ್ಣ ಬಿಟ್ಟಿನಿಂದ ಡ್ರಿಲ್ ಹೊಡೆಯುವುದು. ಇಷ್ಟಕ್ಕೂ ಮೂರು ಕೈ ಬೇಕು, ಒಬ್ಬರೇ ಕೂರಬೇಡಿ.

ನಮಗೆ ಕೈಗಳ ಕೊರತೆ ಇರಲಿಲ್ಲ. ಮೂರು ಪಿನ್ ತಟ್ಟಿದ್ದಕ್ಕೆ ಬಂದವು, ನಾಲ್ಕನೆಯದು ಡ್ರಿಲ್ ಕೇಳಿತು. ಸಂಜೆ ಹೊತ್ತಿಗೆ ಎರಡೂ ಹಲಗೆ ಕೆಳಗಿದ್ದವು.

ಒಳಗೆ ನೋಡಿದರೆ ತುಕ್ಕು. ಗಾಜಿನ ಪಕ್ಕದ ಫೆಲ್ಟ್ ಪಟ್ಟಿ ಸವೆದು ಮಳೆನೀರು ಒಳಗೆ ಇಳಿಯುತ್ತಿತ್ತು. ಇಳಿಯುವುದು ಸಹಜ. ಅದು ಹೊರಗೆ ಹೋಗಲೆಂದೇ ಬಾಗಿಲ ತಳದಲ್ಲಿ ತೂತುಗಳಿವೆ. ಆ ತೂತುಗಳಿಗೆ ಕಂದುಬಣ್ಣದ ಮೆತ್ತನೆಯ ಏನೋ ಗಟ್ಟಿಯಾಗಿ ಕೂತಿತ್ತು. ಮೇಸ್ತ್ರಿ ಕೆರೆದು ಮೂಸಿ ನಮ್ಮ ಕೈಗೆ ಕೊಟ್ಟರು. ಹೊಗೆಸೊಪ್ಪಿನ ಪುಡಿ. ಬೇಲುಗಳಿಂದ ಉದುರಿ, ಗಾಜಿನ ಸಂದಿಯಲ್ಲಿ ಇಳಿದು, ಮಣ್ಣಿನ ಜೊತೆ ಸೇರಿ ತಳ ಮುಚ್ಚಿತ್ತು. ನಿಂತ ನೀರು ವರ್ಷಗಟ್ಟಲೆ ಒಳಗಿನ ಲಿವರನ್ನೂ ಗಾಜಿನ ಹಲ್ಲುಚಕ್ರವನ್ನೂ ತಿಂದಿತ್ತು. ಹೊರಗಿನ ಹಿಡಿ ನೇರವಾಗಿ ಲಾಕಿಗೆ ಕೂತಿರುವುದರಿಂದ ಅದೊಂದು ಉಳಿದಿತ್ತು. ನಮ್ಮ ಭಾಗದ ಸಾಲವನ್ನೂ ಮದುವೆಯನ್ನೂ ಹೊತ್ತ ಬೆಳೆಯ ಧೂಳು, ಒಂದು ಬಾಗಿಲನ್ನೂ ಮುಚ್ಚಿತ್ತು.

ತುಕ್ಕು ಉಜ್ಜಿ, ಗ್ರೀಸ್ ಹಚ್ಚಿ, ತೂತು ಬಿಡಿಸಿ, ಹೊಸ ಪಿನ್ ಹಾಕಿದೆವು. ಮುರಿದದ್ದರ ಬದಲಿಗೆ ಮೈಸೂರಿನ ಗುಜರಿಯಲ್ಲಿ ಸಿಕ್ಕ ಹಿಡಿ ಕೂತಿದೆ. ಅದರ ಹೊಳಪು ಉಳಿದವಕ್ಕೆ ಹೊಂದುವುದಿಲ್ಲ. ಅದು ಹಾಗೇ ಇರಲಿ ಎಂದು ಬಿಟ್ಟಿದ್ದೇವೆ.

ನಮ್ಮ 2014ರ ಬರಹಕ್ಕೆ ಇದೇ ತಿದ್ದುಪಡಿ. ಅದರಲ್ಲಿ ಬರೆದ ಮರ್ಯಾದೆ ಸುಳ್ಳಲ್ಲ, ಆ ಮನುಷ್ಯ ಹಾಗೇ ಇದ್ದಾರೆ. ಆದರೆ ಹಿಂದೆ ಕೂತವರು ತಾವಾಗಿಯೇ ಇಳಿಯಲು ಆಗುತ್ತಿರಲಿಲ್ಲ ಎಂಬ ಸಂಗತಿ ಅದರಲ್ಲಿ ಇರಬೇಕಿತ್ತು. ಈಗ ಯಾರದೇ ಮನೆಗೆ, ಕಚೇರಿಗೆ ಹೋದರೂ ಒಳಗೆ ಕೂತವರು ಎದ್ದು ಹೋಗಬಹುದೇ ಎಂದು ಒಮ್ಮೆ ಕೇಳಿಕೊಳ್ಳುತ್ತೇವೆ.

ಕೆಲಸ ಮುಗಿದ ದಿನ ಅಪ್ಪನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಹುಣಸೂರಿನವರೆಗೆ ಓಡಿಸಿದೆವು. ಅವರು ತಮ್ಮ ಗಾಡಿಯಲ್ಲಿ ಹಿಂದೆ ಕೂತದ್ದು ಅದೇ ಮೊದಲಂತೆ. ನಿಲ್ಲಿಸಿದಾಗ ನಾವು ಯಾರೂ ಇಳಿಯಲಿಲ್ಲ. ಹಿಡಿ ತಿರುಗಿದ ಸದ್ದು ಕೇಳಿತು. ಬಾಗಿಲು ತೆರೆದರು, ಹಾಕಿದರು, ಮತ್ತೆ ತೆರೆದರು. 'ಸಲೀಸಾಗೈತೆ' ಅಂದು ಟೀ ಅಂಗಡಿಯತ್ತ ನಡೆದರು.