ಅಪ್ಪ ಹೇಳದೇ ಉಳಿಸಿಕೊಂಡಿದ್ದು

ಕೊರಿಯನ್ ಭಾಷೆಯಲ್ಲಿ ‘ಗಾಸಿಗೋಗಿ’ ಅಂತ ಒಂದು ಕಾದಂಬರಿ ಇದೆ. ಬರೆದವರು ಚೋ ಚಾಂಗ್-ಇನ್. 2000ರಲ್ಲಿ ಬಂದ ಈ ಪುಸ್ತಕ ದಕ್ಷಿಣ ಕೊರಿಯಾದಲ್ಲಿ ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು. ನಮ್ಮ ಆಫೀಸಿನ ಕೊರಿಯನ್ ಸಹೋದ್ಯೋಗಿಯೊಬ್ಬರು ಇದರ ಕಥೆ ಹೇಳಿದರು.

ವಿಚ್ಛೇದನವಾದ ಕವಿಯೊಬ್ಬ, ರಕ್ತದ ಕ್ಯಾನ್ಸರ್ ಇರುವ ಪುಟ್ಟ ಮಗನನ್ನು ಒಬ್ಬನೇ ನೋಡಿಕೊಳ್ಳುತ್ತಿರುತ್ತಾನೆ. ಅಸ್ಥಿಮಜ್ಜೆ ಕಸಿಗೆ ದುಡ್ಡಿಲ್ಲ. ಕಿಡ್ನಿ ಮಾರಲು ಹೋದವನಿಗೆ ತನಗೇ ಲಿವರ್ ಕ್ಯಾನ್ಸರ್ ಇರೋದು ಗೊತ್ತಾಗುತ್ತೆ. ಕೊನೆಗೆ ಕಣ್ಣಿನ ಕಾರ್ನಿಯಾ ಮಾರುತ್ತಾನೆ. ಮಗ ಉಳಿಯುತ್ತಾನೆ. ಅವನನ್ನು ಫ್ರಾನ್ಸಿಗೆ ತಾಯಿಯ ಜೊತೆ ಕಳಿಸಿ, ತನ್ನ ಕಾಯಿಲೆಯ ಸುದ್ದಿಯನ್ನೇ ಎತ್ತದೆ ಅಪ್ಪ ಸಾಯುತ್ತಾನೆ.

ಗಾಸಿಗೋಗಿ ಅಂದ್ರೆ ಬೆನ್ನ ಮೇಲೆ ಮುಳ್ಳಿರುವ ಸಣ್ಣ ಮೀನು. ಗೂಡು ಕಟ್ಟುವುದು ಗಂಡು ಮೀನೇ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ, ರೆಕ್ಕೆ ಬೀಸುತ್ತಾ ಮೊಟ್ಟೆಗಳಿಗೆ ಹೊಸ ನೀರು ಹಾಯಿಸಿ ಕಾವಲು ಕಾಯುವುದೂ ಅದೇ.

ಅಲ್ಲಿ ಮಗ, ನಮ್ಮನೇಲಿ ಮಗಳು. ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ. ಒಂಬತ್ತಕ್ಕೆ ಟೈಪ್ 1 ಡಯಾಬಿಟಿಸ್ ಬಂತು. ಇದು ಮಾತ್ರೆ, ಪಥ್ಯದಲ್ಲಿ ಮುಗಿಯೋದಲ್ಲ. ದೇಹ ಇನ್ಸುಲಿನ್ ತಯಾರಿಸೋದನ್ನೇ ಬಿಟ್ಟಿರುತ್ತೆ, ಹೊರಗಿಂದ ಕೊಡದಿದ್ದರೆ ಜೀವಕ್ಕೇ ಅಪಾಯ. 1922ರಲ್ಲಿ ಮೊದಲ ರೋಗಿಗೆ ಇನ್ಸುಲಿನ್ ಸಿಗುವವರೆಗೆ ಇಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ.

ಅಪ್ಪ ಟೈಲರ್. ದಿನವಿಡೀ ಸೂಜಿ ಹಿಡಿಯೋ ಕೈ, ಸಿರಿಂಜ್ ಹಿಡಿದಾಗ ನಡುಗುತ್ತಿತ್ತು. ಮನೇಲಿ ಫ್ರಿಜ್ ಇರಲಿಲ್ಲ. ಇನ್ಸುಲಿನ್ ಬಾಟಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಣ್ಣಿನ ಗಡಿಗೆಯಲ್ಲಿ ತಂಪಾಗಿಡೋರು. ರಾತ್ರಿ ಮೂರಕ್ಕೆ ಎದ್ದು ನನ್ನ ಕತ್ತು ಮುಟ್ಟಿ ನೋಡೋರು. ಬೆವರಿದ್ದರೆ ಶುಗರ್ ಇಳಿದಿದೆ ಅಂತ ಅನುಮಾನ. ಬೆರಳು ಚುಚ್ಚಿ ನೋಡಿ, ಎಬ್ಬಿಸಿ ಕೂರಿಸಿ, ಸಕ್ಕರೆ ನೀರು ಕುಡಿಸೋರು. ಬೆಳಿಗ್ಗೆ ಜಡೆ ಹಾಕಿ ಸ್ಕೂಲಿಗೆ ಕಳಿಸೋರು. ವರ್ಷಗಟ್ಟಲೆ ಹೀಗೇ ನಡೆಯಿತು.

ಹೋದ ವರ್ಷ ಅಪ್ಪ ಅಂಗಡಿಯಲ್ಲೇ ತಲೆಸುತ್ತಿ ಬಿದ್ದರು. ಪಕ್ಕದಂಗಡಿಯವರು ಫೋನ್ ಮಾಡಿದಾಗಲೇ ನನಗೆ ಗೊತ್ತಾಗಿದ್ದು, ಅಪ್ಪನಿಗೆ ಎರಡು ವರ್ಷದಿಂದ ಬಿಪಿ ಇದೆ, ಮಾತ್ರೆ ಸರಿಯಾಗಿ ತಗೊಳ್ತಿಲ್ಲ ಅಂತ. “ನಿನಗೆ ಹೇಳಿದ್ರೆ ಗಾಬರಿ ಆಗ್ತೀಯ ಅಂತ ಸುಮ್ಮನಿದ್ದೆ ಕಣಮ್ಮ” ಅಂದರು. ವಾರಕ್ಕೆ ಮೂರು ಸಲ ಫೋನಿನಲ್ಲಿ “ನಾನು ಆರಾಮಾಗಿದ್ದೀನಿ” ಅಂದಿದ್ದೂ ಇದೇ ಅಪ್ಪ.

ಅದಕ್ಕೇ ಆ ಕಾದಂಬರಿಯ ಕೊನೆ ಕೇಳಿ ಎಲ್ಲರಿಗೂ ಕಣ್ಣೀರು ಬಂದರೆ, ನನಗೆ ಕೋಪ ಬಂತು. ಕಣ್ಣು ಕೊಟ್ಟ ಅಪ್ಪ ದೊಡ್ಡವನೇ. ಆದರೆ ಮಗನಿಗೆ ಅಪ್ಪನ ಹಾಸಿಗೆ ಪಕ್ಕ ಒಂದು ದಿನ ಕೂರುವ ಅವಕಾಶವನ್ನೂ ಕೊಡಲಿಲ್ಲವಲ್ಲ? ಕಾಯಿಲೆ ಮುಚ್ಚಿಡೋದನ್ನು ನಾವು ತ್ಯಾಗ ಅಂತ ಹೊಗಳಿದಷ್ಟೂ, ಊರಲ್ಲಿರುವ ಅಪ್ಪಂದಿರು ಇನ್ನಷ್ಟು ಮುಚ್ಚಿಡ್ತಾರೆ.

ಈಗ ನಮ್ಮಿಬ್ಬರ ನಡುವೆ ಒಂದು ಒಪ್ಪಂದ. ಬೆಳಿಗ್ಗೆ ಎಂಟಕ್ಕೆ ಅವರ ಬಿಪಿ ಮಷೀನಿನ ಫೋಟೊ ವಾಟ್ಸ್ಆ್ಯಪ್‌ಗೆ ಬರಬೇಕು. ಬಂದರೆ ಮಾತ್ರ ನನ್ನ ಶುಗರ್ ರೀಡಿಂಗ್ ಹೋಗುತ್ತೆ. ಮೊನ್ನೆ ಫೋಟೊ ಬರಲಿಲ್ಲ. ಫೋನ್ ಮಾಡಿದೆ.

“ಕರೆಂಟ್ ಇರ್ಲಿಲ್ಲಮ್ಮ.”

“ಅದು ಸೆಲ್ಲಲ್ಲಿ ಓಡೋದು, ಅಪ್ಪ.”

ಐದು ನಿಮಿಷಕ್ಕೆ ಫೋಟೊ ಬಂತು.