ಒಬ್ಬರೇ ಎತ್ತಿ ಕೊಡವುವಂಥ ಹಾಸು

ಕೊಣನೂರಿನ ಸುತ್ತಮುತ್ತ ಈಗ ಹೊಸ ಮನೆ ಎಂದರೆ ಟೈಲ್ಸ್ ನೆಲ. ಒರೆಸಲು ಸುಲಭ, ನೋಡಲು ಚೆಂದ. ಆದರೆ ಆಷಾಢದ ಜಡಿಮಳೆಯಲ್ಲಿ ಕಾಲಿಟ್ಟರೆ ಮೈಯೆಲ್ಲ ಥಂಡಿ. ಹಾಗಾಗಿ ರಾಮನಾಥಪುರದಲ್ಲಿ ಹೊಗೆಸೊಪ್ಪು ಹರಾಜಾಗಿ ಕೈಗೆ ನಾಲ್ಕು ಕಾಸು ಬಂದರೆ, ಸೋಫಾದ ಹಿಂದೆಯೇ ಕಾರ್ಪೆಟ್ಟೂ ಮನೆಗೆ ಬರುತ್ತದೆ. ಸುದ್ದಿಗೆಂದು ಮನೆಮನೆ ತಿರುಗುವ ನಮಗೆ ಮಳೆಗಾಲದಲ್ಲಿ ಮೊದಲು ಮೂಗಿಗೆ ಬಡಿಯುವುದು ಅದರ ಮುಗ್ಗಲು ವಾಸನೆ.

ನಮ್ಮದು ಕಾವೇರಿ ದಂಡೆ, ಮಳೆ ಹಿಡಿದರೆ ವಾರಗಟ್ಟಲೆ ತೇವ. ದಪ್ಪ ಕಾರ್ಪೆಟ್ಟು ಕಾಲಿನ ಮಣ್ಣು, ಚೆಲ್ಲಿದ ಸಾರು, ಮಕ್ಕಳ ಉಚ್ಚೆ ಎಲ್ಲವನ್ನೂ ಹೀರುತ್ತದೆ. ಎತ್ತಲು ಇಬ್ಬರು ಬೇಕು ಎಂದು ಅಲ್ಲೇ ಬಿಟ್ಟರೆ ಬೂಷ್ಟು. ಉಬ್ಬಸ ಇರುವವರಿಗೆ ಅದು ಆಗಿಬರುವುದಿಲ್ಲ. ಆದ್ದರಿಂದ ನಾವು ಹೇಳುವ ಅಳತೆ ಒಂದೇ: ಮನೆಯಲ್ಲಿ ಒಬ್ಬರೇ ಎತ್ತಿ, ಕೊಡವಿ, ತಂತಿಗೆ ಹಾಕುವಂತಿರಬೇಕು.

ಈ ಅಳತೆಗೆ ಹತ್ತಿ ಜಮಖಾನ ಸರಿಹೊಂದುತ್ತದೆ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ನಿಲುವು ಮಗ್ಗದಲ್ಲಿ ನೇಯುವ ಜಮಖಾನಕ್ಕೆ ಜಿಐ ಮಾನ್ಯತೆಯೂ ಇದೆ. ಬೆಚ್ಚಗಿರಬೇಕೆಂದರೆ ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ. ಉಣ್ಣೆ ಹೌದೋ ಅಲ್ಲವೋ ಎಂದು ಅನುಮಾನವಿದ್ದರೆ ಒಂದು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪ್ಲಾಸ್ಟಿಕ್ ನೂಲು. ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಒದ್ದೆ ಬಿಳಿ ಬಟ್ಟೆಯಿಂದ ಮೂಲೆಯೊಂದನ್ನು ಉಜ್ಜಿ. ಕೊಳ್ಳುವ ಮೊದಲು ಹಳೆ ಪೇಪರ್ ಹಾಳೆಗಳನ್ನು ನೆಲಕ್ಕೆ ಹಾಸಿ ಅಳತೆ ನೋಡಿಕೊಳ್ಳಿ. ಬಾಗಿಲು ತೆರೆದಾಗ ತಾಗಬಾರದು.

ವಾರಕ್ಕೊಮ್ಮೆ ಹೊರಗೆ ಒಯ್ದು ಕೊಡವಿ. ಏನಾದರೂ ಚೆಲ್ಲಿದರೆ ಉಜ್ಜಬೇಡಿ, ಒಣ ಬಟ್ಟೆ ಒತ್ತಿ ಹೀರಿಸಿ. ಕಂಬಳಿಯನ್ನು ಬಿಸಿನೀರಿಗೆ ಹಾಕಬೇಡಿ, ಕುಗ್ಗುತ್ತದೆ. ಮಳೆ ಹೊಳವಾಗಿ ಬಿಸಿಲು ಕಂಡ ದಿನ ಎರಡೂ ಮಗ್ಗುಲು ಒಣಗಿಸಿ. ಮಡಿಚಿ ಕತ್ತಲಲ್ಲಿಟ್ಟ ಉಣ್ಣೆಗೆ ನುಸಿ ಬೀಳುತ್ತದೆ. ಆಗಾಗ ಬಿಡಿಸಿ ಗಾಳಿಗೆ ಹಾಕಿ. ನುಸಿಗುಳಿಗೆ ಇಡುವುದಾದರೆ ಮಕ್ಕಳ ಕೈಗೆ ಸಿಗದಂತೆ ಇಡಿ, ಅದು ವಿಷ.

ಎಲ್ಲಕ್ಕಿಂತ ಮುಖ್ಯ, ಜಾರುವುದು. ನಮ್ಮ ಬೀದಿಯ ಅಜ್ಜಿಯೊಬ್ಬರು ರಾತ್ರಿ ಬಚ್ಚಲಿಗೆಂದು ಎದ್ದವರು ಹಾಸಿನ ಸುರುಳಿಯಾದ ಅಂಚಿಗೆ ಕಾಲು ಸಿಕ್ಕಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮನೆ ತುಂಬ ಓಡಾಡಿಕೊಂಡಿದ್ದವರು ಈಗ ವಾಕರ್ ಹಿಡಿದು ಜಗಲಿಯವರೆಗೆ ಬಂದರೆ ಅದೇ ಹೆಚ್ಚು. ಹೊಸ ಟೈಲ್ಸ್ ಮೇಲೆ ಜಮಖಾನವೂ ಜಾರುತ್ತದೆ, ಕಂಬಳಿಯೂ ಜಾರುತ್ತದೆ. ಅಡಿಗೆ ರಬ್ಬರ್ ಜಾಲರಿ ಹಾಕಿ. ಮೆಟ್ಟಿಲ ಬಳಿ, ಬಚ್ಚಲ ದಾರಿಯಲ್ಲಿ, ವಯಸ್ಸಾದವರ ಮಂಚದ ಪಕ್ಕದಲ್ಲಿ ಬಿಡಿ ಹಾಸು ಬೇಡವೇ ಬೇಡ. ಅಲ್ಲಿ ಬರಿ ನೆಲ ಇರಲಿ, ರಾತ್ರಿಗೊಂದು ಸಣ್ಣ ದೀಪ ಉರಿಯಲಿ.