ಮೊದಲು ಹಿಂದಗಡೆ ನೋಡು

ನಾನು ಫೋಟೋ ತೆಗೆಯುವುದನ್ನು ಕಲಿತದ್ದು ಸಾಗರದ ಒಂದು ಸಣ್ಣ ಸ್ಟುಡಿಯೋದಲ್ಲಿ. ಅದರ ಯಜಮಾನರು ಊರಿಗೆಲ್ಲ ಸ್ಟುಡಿಯೋದಣ್ಣ. ಅಂಗಿಯ ಜೇಬಿನಲ್ಲಿ ಬಾಚಣಿಗೆ, ಬಾಯಲ್ಲಿ ಯಾವಾಗಲೂ ಕವಳ. ಗಿರಾಕಿ ಬಂದು ಕೂತರೆ ಮಾತ್ರ ಕವಳ ಉಗಿದು ಬಾಯಿ ಮುಕ್ಕಳಿಸಿಕೊಂಡೇ ಬರುವರು. ಮಾತಾಡಿಸದೆ ಮುಖ ಬಿಚ್ಚಿಕೊಳ್ಳುವುದಿಲ್ಲ ಅನ್ನುವುದು ಅವರ ನಂಬಿಕೆ.

ಗೋಡೆಗೆ ಬಣ್ಣ ಬರೆದ ಪರದೆಗಳಿದ್ದವು. ಒಂದರಲ್ಲಿ ಬಾಗಿದ ಮೆಟ್ಟಿಲು, ಕಂಬ, ಹೂಕುಂಡ. ಇನ್ನೊಂದರಲ್ಲಿ ಬೆಳದಿಂಗಳ ಸರೋವರ. ಅದರಲ್ಲಿ ಹಂಸ ಇತ್ತೋ ದೋಣಿ ಇತ್ತೋ, ಈಗ ಮಸುಕು. ಮದುಮಕ್ಕಳಿಗೆ ಮೆಟ್ಟಿಲು, ಮಕ್ಕಳಿಗೆ ಸರೋವರ, ಅರ್ಜಿಗೆ ಅಂಟಿಸುವ ಫೋಟೋಕ್ಕೆ ಬಿಳಿ ಗೋಡೆ. ಬೀರುವಿನ ಬಾಗಿಲ ಒಳಮೈಗೆ ಮಾತ್ರ ಪತ್ರಿಕೆಗಳಿಂದ ಕತ್ತರಿಸಿದ ಟಿ. ಎಸ್. ಸತ್ಯನ್ ಅವರ ಚಿತ್ರಗಳು. ನಮ್ಮ ಮೈಸೂರಿನ ಸತ್ಯನ್ ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡಿದ್ದವು. ಅಣ್ಣ ಬೀರು ತೆರೆದಾಗಲೆಲ್ಲ ಒಂದು ಗಳಿಗೆ ಅವುಗಳ ಮುಂದೆ ನಿಲ್ಲುವರು.

ಆ ದಿನದ ವಿಷಯ ಹೇಳಬೇಕು. ಆಗಷ್ಟೇ ಮುಂಗಾರು ಹಿಡಿದಿತ್ತು. ತಾಳಗುಪ್ಪದ ದಾರಿಯಲ್ಲಿ ಬಸ್ಸಿಳಿದು, ಗದ್ದೆಯ ಅಂಚಿನ ಮೇಲೆ ಕೊಡೆ ಹಿಡಿದು ನಡೆದು, ದೀವರ ಮನೆಯೊಂದಕ್ಕೆ ಹೋದೆವು. ಮದುವೆಯಾಗಿ ಮುಂಬಯಿಗೆ ಹೋದ ದೊಡ್ಡ ಮೊಮ್ಮಗಳು ಅಜ್ಜ ಅಜ್ಜಿಯ ಫೋಟೋ ಕೇಳಿದ್ದಳು. ಹೋದವರಿಗೆ ಮೊದಲು ಊಟ. ಹೊಸನೀರಿಗೆ ಹೊಳೆಯಿಂದ ಗದ್ದೆಗೆ ಏರಿ ಬಂದ ಹತ್ತುಮೀನಿನ ಸಾರು, ಕೆಂಡದ ಮೇಲೆ ಉಬ್ಬಿಸಿದ ಅಕ್ಕಿರೊಟ್ಟಿ. ಆ ಸಾರಿನ ಖಾರ ಈಗಲೂ ನಾಲಿಗೆಯ ಮೇಲಿದೆ.

ಊಟವಾದ ಮೇಲೆ ಸೊಸೆ ಅಂಗಳದಾಚೆಯ ದಾಸವಾಳದ ಬೇಲಿ ತೋರಿಸಿದರು. ಅಜ್ಜಿ ಉಟ್ಟದ್ದು ಕೆಂಪು ಸೀರೆ. ಮಳೆಗೆ ತೊಳೆದ ಹಸಿರಿನ ಮುಂದೆ ಅದು ಎದ್ದು ಕಾಣುತ್ತಿತ್ತು. ಅಣ್ಣ ಕಣ್ಣು ಅರ್ಧ ಮುಚ್ಚಿ ನೋಡಿ ತಲೆಯಾಡಿಸಿದರು. ಕ್ಯಾಮೆರಾದಲ್ಲಿದ್ದದ್ದು ಕಪ್ಪು-ಬಿಳುಪಿನ ರೋಲು. ಅದರಲ್ಲಿ ಆ ಕೆಂಪು, ಈ ಹಸಿರು ಎರಡೂ ಹೆಚ್ಚುಕಮ್ಮಿ ಒಂದೇ ಬೂದಿಬಣ್ಣ. ಸೀರೆ ಬೇಲಿಯೊಳಗೆ ಕರಗಿ ಹೋಗುತ್ತದೆ. "ಮೊದಲು ಹಿಂದಗಡೆ ನೋಡು ಮಾರಾಯ, ಆಮೇಲೆ ಮನುಷ್ಯರನ್ನ ನೋಡು" ಅಂದರು ನನಗೆ.

ಜಗುಲಿಗೆ ಬಂದರೆ ಅಲ್ಲೇ ಗೋಡೆಯ ತುಂಬ ಹಸೆಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳು, ಪುಂಡಿನಾರಿನ ಕುಂಚದಲ್ಲಿ ಎಳೆದದ್ದು. ಮೊಮ್ಮಗಳ ಮದುವೆಗೆಂದು ಅಜ್ಜಿಯೇ ಬರೆದದ್ದಂತೆ. ಅಂಗಳದ ಮೋಡದ ಬೆಳಕು ಜಗುಲಿಯ ಮೇಲೆ ಮೆತ್ತಗೆ ಬೀಳುತ್ತಿತ್ತು. ಮುಖದ ಮೇಲೆ ಕರಿನೆರಳಿಲ್ಲ, ಕಣ್ಣಲ್ಲಿ ಒಂದು ಮಿಂಚು.

ಮೊದಲು ಅಜ್ಜ. ಕಂಬಳಿಕೊಪ್ಪೆ ತೆಗೆಯಲು ಒಪ್ಪಲಿಲ್ಲ. ಬೇಡ, ಇರಲಿ ಅಂದರು ಅಣ್ಣ. ಗೂಟ ಹೊಡೆದ ಹಾಗೆ ನಿಂತ ಅಜ್ಜ ಕೇಳಿದ್ದು, "ಕೈ ಎಲ್ಲಿಡಲಿ?" ಫೋಟೋಕ್ಕೆ ನಿಂತವರೆಲ್ಲ ಕೇಳುವುದು ಇದನ್ನೇ. ಅಣ್ಣ ಅಜ್ಜನ ಭಾರವನ್ನು ಒಂದು ಕಾಲಿಗೆ ಬಿಡಿಸಿ, ಭುಜ ಒಂಚೂರು ಓರೆ ಮಾಡಿ, ಮುಖ ಮಾತ್ರ ಇತ್ತ ತಿರುಗಿಸಿದರು. ಅಣ್ಣ ಕೈಬಿಟ್ಟ ಕೂಡಲೆ ಅಜ್ಜ ಮತ್ತೆ ಗೂಟ. ಕಡೆಗೆ ಅಣ್ಣ ಎತ್ತುಗಳ ಸುದ್ದಿ ತೆಗೆದರು. ಎಡದ ಎತ್ತು ಹೊಸದು, ನೊಗಕ್ಕೆ ಬಗ್ಗುವುದಿಲ್ಲ ಅನ್ನುತ್ತ ಅನ್ನುತ್ತ ಅಜ್ಜ ತಾವಾಗಿಯೇ ಕಂಬಕ್ಕೆ ಒರಗಿ ಅಡಕತ್ತರಿ ಕೈಗೆತ್ತಿಕೊಂಡರು. ಅಲ್ಲಿಗೆ ಕೈಗಳ ಚಿಂತೆ ಮುಗಿಯಿತು.

ನಮ್ಮ ಯಾಷಿಕಾ ಕ್ಯಾಮೆರಾಕ್ಕೆ ಎರಡು ಲೆನ್ಸು, ರೋಲಿಗೆ 12 ಚಿತ್ರ. ಹೊಟ್ಟೆಯ ಹತ್ತಿರ ಹಿಡಿದು ಮೇಲಿನ ಗಾಜಿನೊಳಗೆ ತಲೆ ಬಗ್ಗಿಸಿ ನೋಡಬೇಕು. ತೆಗೆಯುವವನು ದಿಟ್ಟಿಸುವುದಿಲ್ಲ, ಬಾಗುತ್ತಾನೆ. ಎದುರಿನವರ ಅರ್ಧ ಬಿಗುವು ಅಲ್ಲೇ ಇಳಿಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಅಜ್ಜಿಯನ್ನು ಗೋಡೆಯಿಂದ ಎಷ್ಟೋ ಮುಂದಕ್ಕೆ, ಜಗುಲಿಯ ಅಂಚಿಗೇ ಕೂರಿಸಿದರು. ಗೆರೆಗಳು ಮುಖದ ಜೊತೆ ಜಗಳಕ್ಕೆ ಬೀಳಬಾರದೆಂದು ಲೆನ್ಸನ್ನು ಅಗಲ ತೆರೆದು ಚಿತ್ತಾರವನ್ನು ಮಂಜು ಮಾಡಿ ಒಂದು ತೆಗೆದರು. ಅಜ್ಜಿ ಸುಮ್ಮನಿರಲಿಲ್ಲ, ನಾನೂ ನೋಡುತ್ತೇನೆ ಅಂದರು. ಮನೆಯಲ್ಲಿದ್ದ ಕಿರಿಯ ಮೊಮ್ಮಗಳನ್ನು ಅದೇ ಜಾಗದಲ್ಲಿ ಕೂರಿಸಿ ಅಣ್ಣ ಕ್ಯಾಮೆರಾ ಬಗ್ಗಿಸಿ ಹಿಡಿದರು. ಅಜ್ಜಿ ಇಣುಕಿದ್ದೇ, "ನಾ ಬರ್ದ ಚಿತ್ತಾರ ಎಲ್ಲೋತು?"

ಅಣ್ಣ ವಾದ ಮಾಡಲಿಲ್ಲ. ಅಜ್ಜಿಯನ್ನು ಗೋಡೆಯ ಹತ್ತಿರಕ್ಕೆ, ಚಿತ್ತಾರದ ಪಕ್ಕದ ಗೆರೆಯಿಲ್ಲದ ಕೆಮ್ಮಣ್ಣಿನ ಜಾಗ ತಲೆಯ ಹಿಂದೆ ಬರುವ ಹಾಗೆ ನಿಲ್ಲಿಸಿದರು. ಕ್ಯಾಮೆರಾವನ್ನು ಮೂರುಕಾಲಿನ ಮೇಲಿಟ್ಟು, ಲೆನ್ಸಿನ ಕಿಂಡಿಯನ್ನು ಪೂರ್ತಿ ಕಿರಿದು ಮಾಡಿ, ಉಸಿರು ಹಿಡಿಯಲು ಹೇಳಿದರು. ಬೆಳಕು ಕಡಿಮೆ; ಷಟರ್ ಅರ್ಧ ಸೆಕೆಂಡು ತೆರೆದಿರಬೇಕಿತ್ತು. ಅಜ್ಜಿ ಒಂದು ಕೈಯನ್ನು ಗೋಡೆಗೆ ಊರಿ ಅಲ್ಲಾಡದೆ ನಿಂತರು. ಹಾಗೆ ಊರಿ ಅಂತ ನಾವು ಯಾರೂ ಹೇಳಿರಲಿಲ್ಲ.

ಪ್ರಿಂಟು ಕೊಡಲು ನಾನೇ ಹೋಗಿದ್ದೆ. ಅಜ್ಜಿ ಮಂಜಿನದನ್ನು ಮುಂಬಯಿಗೆ ಕಳಿಸಲು ಇಟ್ಟು, ಗೋಡೆಯ ಜೊತೆಗಿನದನ್ನು ಕಟ್ಟು ಹಾಕಿಸಲು ಹೇಳಿದರು. ನನಗೆ ಮುಖದ ಸುಕ್ಕುಗಳೇ ಮಾತಾಡುವ ಆ ಮೊದಲನೆಯದರ ಮೇಲೆ ಈಗಲೂ ಪ್ರೀತಿ. ಅಣ್ಣ ಅಜ್ಜಿಯ ಪಕ್ಷ. ಸ್ಟುಡಿಯೋದ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟದ್ದೂ ಗೋಡೆಯ ಜೊತೆಗಿನದರದೇ ಪ್ರತಿ. ಮುಂದಿನ ಮದುವೆಗಳ ಕಾಲಕ್ಕೆ, ನಮ್ಮ ಹಸೆಗೋಡೆಯ ಮುಂದೂ ಒಂದು ತೆಗೆದುಕೊಡಿ ಎಂದು ಸುತ್ತಲ ಊರುಗಳಿಂದ ಜನ ಕೇಳಿಕೊಂಡು ಬರತೊಡಗಿದರು.